ಹೊಡೆದ ಕೈ ಹಿಂದಕ್ಕೆ ಬರಬೇಕು

ಕಲಬುರಗಿಯ ಸ್ಪರ್ಧಾತ್ಮಕ ಪರೀಕ್ಷೆಗಳ ತರಬೇತಿ ಕೇಂದ್ರಗಳ ಗೋಡೆಗಳ ಮೇಲೆ ಯಶಸ್ಸಿನ ಸೂತ್ರಗಳಿಗೆ ಬರವಿಲ್ಲ. ದೊಡ್ಡ ಗುರಿ ಇಟ್ಟುಕೊಳ್ಳಿ, ಗೆಲುವನ್ನು ಕಣ್ಣ ಮುಂದೆ ಕಲ್ಪಿಸಿಕೊಳ್ಳಿ, ಎಂದಿಗೂ ಬಿಟ್ಟುಕೊಡಬೇಡಿ. ಪದವಿ ಮುಗಿಸಿ ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಓದುತ್ತಿದ್ದ ಕಾಲದಲ್ಲಿ ನಾನೂ ಈ ಮಾತುಗಳನ್ನು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಬರೆದುಕೊಂಡಿದ್ದೆ. ಅವು ಸುಳ್ಳು ಎಂದು ಇವತ್ತಿಗೂ ನನಗೆ ಅನ್ನಿಸಿಲ್ಲ. ಆದರೆ ಅವುಗಳಲ್ಲಿ ಯಾವುದು ಎಲ್ಲಿಯವರೆಗೆ ನಿಜ, ಅದನ್ನು ಒಂದು ಸಾಮಾನ್ಯ ದಿನದೊಳಗೆ ಇಳಿಸುವುದು ಹೇಗೆ ಎಂಬುದು ತಿಳಿದದ್ದು ಮೂವತ್ತು ದಾಟಿದ ಮೇಲೆ ಬಾಕ್ಸಿಂಗ್ ಕಲಿಯಲು ಹೋದಾಗ. ಆ ಕಲಿಕೆಯ ವಿವರವನ್ನು ಬರೆದಿಡಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ಊರಿನ ಧಾನ್ಯದ ಮಾರುಕಟ್ಟೆಯಾದ ನೆಹರು ಗಂಜಿನ ಒಂದು ಅಡತಿ (ದಲ್ಲಾಳಿ) ಅಂಗಡಿಯಲ್ಲಿ ಲೆಕ್ಕ ಬರೆಯುವುದು ನನ್ನ ಕೆಲಸ. ನಮ್ಮ ಕಡೆ ಡಿಸೆಂಬರ್ ಕೊನೆಯ ಹೊತ್ತಿಗೆ ತೊಗರಿಯ ರಾಶಿ ಶುರುವಾದರೆ ಗಂಜಿನಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದ ಸುದ್ದಿಯನ್ನು ನಾವೆಲ್ಲ ಹೆಮ್ಮೆಯಿಂದ ಓದಿದೆವು. ಆದರೆ ಆ ತೊಗರಿ ರೈತನ ಟ್ರ್ಯಾಕ್ಟರಿನಿಂದ ಇಳಿದು ಮಿಲ್ಲಿಗೆ ಹೋಗುವಷ್ಟರಲ್ಲಿ ಎಷ್ಟು ಜಗಳಗಳನ್ನು ದಾಟುತ್ತದೆ ಎಂಬುದು ಗಂಜಿನವರಿಗೇ ಗೊತ್ತು. ತೂಕದ ಜಗಳ, ತೇವಾಂಶದ ಜಗಳ, ಹಮಾಲಿಯ ಜಗಳ, ಬೆಳಿಗ್ಗೆ ಇದ್ದ ದರ ಮಧ್ಯಾಹ್ನಕ್ಕೆ ಯಾಕೆ ಇಳಿಯಿತು ಎಂಬ ಜಗಳ. ಎಲ್ಲವೂ ಕೊನೆಗೆ ಬಂದು ನಿಲ್ಲುವುದು ಲೆಕ್ಕ ಬರೆಯುವವನ ಮೇಜಿನ ಮುಂದೆ. ಸುಗ್ಗಿಯ ದಿನಗಳಲ್ಲಿ ಸಂಜೆಯಾಗುವಷ್ಟರಲ್ಲಿ ನನ್ನ ಕೈ ನಡುಗುತ್ತಿತ್ತು. ಅಂಗಡಿಯಲ್ಲಿ ನುಂಗಿಕೊಂಡ ಮಾತು ಮನೆಯಲ್ಲಿ ಹೆಂಡತಿ, ಮಗಳ ಮುಂದೆ ಹೊರಬೀಳುತ್ತಿತ್ತು. ಇದನ್ನು ನಿಲ್ಲಿಸಬೇಕೆಂಬ ಆಸೆಯೇ ನನ್ನನ್ನು ಬಾಕ್ಸಿಂಗ್ ಹಾಲ್‌ನ ಬಾಗಿಲಿಗೆ ತಂದು ನಿಲ್ಲಿಸಿತು.

ಹಾಲ್ ಎಂದರೆ ದೊಡ್ಡದೇನೂ ಅಲ್ಲ. ಹಿಂದೆ ಕುಸ್ತಿಯ ತಾಲೀಮು ನಡೆಯುತ್ತಿದ್ದ ಜಾಗದ ಪಕ್ಕದಲ್ಲಿ ತಗಡಿನ ಮಾಡು, ಶಹಾಬಾದ್ ಕಲ್ಲು ಹಾಸಿದ ನೆಲ, ಎರಡು ಪಂಚಿಂಗ್ ಬ್ಯಾಗ್, ಒಂದು ಉದ್ದನೆಯ ಕನ್ನಡಿ. ಕಲಿಸುವವರು ಸೈನ್ಯದಿಂದ ನಿವೃತ್ತರಾದವರು. ರೆಜಿಮೆಂಟಿನಲ್ಲಿ ಇದ್ದಾಗ ಬಾಕ್ಸಿಂಗ್ ಕಲಿತು, ಅಲ್ಲೇ ಕಲಿಸಿದವರು. ಎಲ್ಲರೂ ಅವರನ್ನು ಸುಬೇದಾರ ಸಾಹೇಬರು ಎನ್ನುತ್ತಾರೆ. ನಾನು ಬಂದ ಕಾರಣವನ್ನು ಕೇಳಿದ ಅವರು, "ತಮ್ಮಾ, ಸಿಟ್ಟು ಇಳಿಸಲು ಬಂದಿದ್ದರೆ ಬ್ಯಾಗಿಗೆ ಹೊಡೆದು ಹೋಗು, ದುಡ್ಡು ಬೇಡ. ಕಲಿಯಲು ಬಂದಿದ್ದರೆ ಮೊದಲ ತಿಂಗಳು ಬ್ಯಾಗನ್ನು ಮುಟ್ಟುವ ಹಾಗಿಲ್ಲ" ಎಂದರು.

ಅವರು ಹೇಳಿದಂತೆಯೇ ಆಯಿತು. ಮೊದಲ ತಿಂಗಳು ಪೂರ್ತಿ ಕಾಲಿನ ಪಾಠ. ಎಡಗಾಲು ಮುಂದೆ, ಬಲಗಾಲು ಹಿಂದೆ, ಹಿಂದಿನ ಹಿಮ್ಮಡಿ ನೆಲದಿಂದ ಸ್ವಲ್ಪ ಮೇಲೆ, ಮೊಣಕಾಲು ಸಡಿಲ, ಮೊಣಕೈ ಪಕ್ಕೆಲುಬಿಗೆ ಅಂಟಿಕೊಂಡು, ಗಲ್ಲ ಕೆಳಗೆ. ಶಹಾಬಾದ್ ಕಲ್ಲುಗಳ ನಡುವಿನ ಸಂದುಗಳೇ ನಮ್ಮ ಗೆರೆಗಳು. ಮುಂದೆ ಹೋಗುವಾಗ ಮುಂದಿನ ಕಾಲು ಮೊದಲು, ಹಿಂದೆ ಬರುವಾಗ ಹಿಂದಿನ ಕಾಲು ಮೊದಲು, ಎಡಕ್ಕೆ ಎಡಗಾಲು, ಬಲಕ್ಕೆ ಬಲಗಾಲು. ಎರಡೂ ಪಾದಗಳು ಎಂದೂ ಒಂದಕ್ಕೊಂದು ಅಡ್ಡ ಹಾಯಬಾರದು, ಹತ್ತಿರ ಕೂಡಬಾರದು. ಯಾಕೆಂದರೆ ಕಾಲು ಕೂಡಿದ ಕ್ಷಣದಲ್ಲಿ ಬಿದ್ದ ಏಟು ಹಗುರವಾಗಿದ್ದರೂ ಮನುಷ್ಯ ಉರುಳುತ್ತಾನೆ. ಹೊಡೆತದ ಬಲ ಭುಜದಲ್ಲಿ ಹುಟ್ಟುತ್ತದೆ ಎಂದು ಹೊರಗಿನವರು ತಿಳಿಯುತ್ತಾರೆ. ಅದು ಹುಟ್ಟುವುದು ನೆಲವನ್ನು ಒತ್ತುವ ಪಾದದಲ್ಲಿ. ಅಲ್ಲಿಂದ ಸೊಂಟದ ತಿರುವಿಗೆ ಏರಿ, ಭುಜಕ್ಕೆ ಬಂದು, ಕಡೆಯಲ್ಲಿ ಮುಷ್ಟಿಯನ್ನು ತಲುಪುತ್ತದೆ. ಮುಷ್ಟಿ ಆ ಬಲದ ತುದಿ ಮಾತ್ರ.

ಈ ತಿಂಗಳಲ್ಲಿ ಹಲವರು ಬಿಟ್ಟು ಹೋದರು. ನನಗೆ ಮಾತ್ರ ಲೆಕ್ಕದವನ ಅಭ್ಯಾಸ ಇತ್ತು. ಒಂದೇ ಸಾಲನ್ನು ಮತ್ತೆ ಮತ್ತೆ ಕೂಡಿ ನೋಡುವುದು ನನಗೆ ಬೇಸರ ತರುವ ಕೆಲಸವಲ್ಲ.

ಗುರಿಯ ವಿಷಯ ಬಂದದ್ದು ಆಮೇಲೆ. ಹಳೆಯ ಅಭ್ಯಾಸದಂತೆ ಹೊಸ ನೋಟ್‌ಬುಕ್ಕಿನಲ್ಲಿ "ಒಂದು ವರ್ಷದೊಳಗೆ ರಿಂಗಿಗೆ ಇಳಿದು ಗೆಲ್ಲಬೇಕು" ಎಂದು ಬರೆದು ಸಾಹೇಬರಿಗೆ ತೋರಿಸಿದೆ. ಅವರು ಬಹಳ ಗಂಭೀರವಾಗಿ ಅದನ್ನು ಓದಿದರು. "ಇದರಲ್ಲಿ ನಿನ್ನ ಕೈಯಲ್ಲಿ ಇರುವುದು ಎಷ್ಟು?" ಎಂದು ಕೇಳಿದರು. ಬಾಕ್ಸಿಂಗಿನ ಲೆಕ್ಕ ಹೀಗಿದೆ: ದೊಡ್ಡ ಪಂದ್ಯಗಳಲ್ಲಿ ರಿಂಗಿನ ಸುತ್ತ ಐವರು ತೀರ್ಪುಗಾರರು ಕೂತಿರುತ್ತಾರೆ. ಪ್ರತಿ ಸುತ್ತಿನಲ್ಲಿ ಮೇಲುಗೈ ಪಡೆದವನಿಗೆ 10 ಅಂಕ, ಇನ್ನೊಬ್ಬನಿಗೆ 9 ಅಥವಾ ಅದಕ್ಕಿಂತ ಕಡಿಮೆ. ಎದುರಾಳಿ ಯಾರು ಎಂಬುದು ನನ್ನ ಕೈಯಲ್ಲಿಲ್ಲ. ತೀರ್ಪುಗಾರ ಯಾವ ಮೂಲೆಯಿಂದ ನೋಡುತ್ತಿರುತ್ತಾನೆ ಎಂಬುದು ನನ್ನ ಕೈಯಲ್ಲಿಲ್ಲ. ಗೆಲುವು ಎಂಬುದು ಬೇರೆಯವರು ಬರೆದುಕೊಡುವ ಚೀಟಿ. "ನಿನ್ನ ಕೈಯಲ್ಲಿ ಇರುವುದನ್ನು ಬರೆದುಕೊಂಡು ಬಾ" ಎಂದು ನೋಟ್‌ಬುಕ್ಕನ್ನು ಮರಳಿಸಿದರು.

ನಮ್ಮದು ಸೇಡಂ ತಾಲ್ಲೂಕು. ಅಪ್ಪ ಇನ್ನೂ ಹೊಲ ಮಾಡುತ್ತಾರೆ. ಬಿತ್ತಿ ಆರೇಳು ವಾರವಾದಾಗ ತೊಗರಿಯ ಕುಡಿ ಚಿವುಟುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೆಟ್ಟಗೆ ಮೇಲಕ್ಕೆ ಓಡುವ ತುದಿಯನ್ನು ಕಿತ್ತರೆ ಗಿಡ ಪಕ್ಕಕ್ಕೆ ಕವಲೊಡೆಯುತ್ತದೆ, ಕವಲಿನಲ್ಲಿ ಹೂವು, ಕಾಯಿ ಹೆಚ್ಚುತ್ತದೆ. ಆ ದಿನ ಸಾಹೇಬರು ನನ್ನ ಗುರಿಗೆ ಮಾಡಿದ್ದು ಅದನ್ನೇ. ಮರುದಿನ ನಾನು ಬರೆದುಕೊಂಡು ಹೋದದ್ದು ಮೂರು ಸಣ್ಣ ಸಾಲು: ಹೊಡೆದ ಪ್ರತಿಯೊಂದು ಜ್ಯಾಬ್ ಗಲ್ಲಕ್ಕೆ ಮರಳಬೇಕು. ಏಟು ಬರುವಾಗ ಕಣ್ಣು ಮುಚ್ಚಬಾರದು. ಗಂಟೆ ಹೊಡೆದೊಡನೆ ಉಸಿರನ್ನು ಸರಿಪಡಿಸಿಕೊಳ್ಳಬೇಕು. ಸಾಹೇಬರು ತಲೆಯಾಡಿಸಿದರು. ಆ ಮೂರೂ ಸಾಲುಗಳಿಗೆ ಯಾವ ತೀರ್ಪುಗಾರನ ಸಹಿಯೂ ಬೇಕಾಗಿರಲಿಲ್ಲ.

ಅವುಗಳಲ್ಲಿ ಮೊದಲನೆಯದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. ನನ್ನ ಬದುಕಿನಲ್ಲಿ ಅತಿ ಹೆಚ್ಚು ಕೆಲಸಕ್ಕೆ ಬಂದದ್ದು ಅದು.

ಜ್ಯಾಬ್ ಎಂದರೆ ಮುಂದಿನ ಕೈಯ ನೇರ ಹೊಡೆತ. ಬಲಗೈಯವರಿಗೆ ಎಡಗೈಯಿಂದ. ಅದರಲ್ಲಿ ಎದುರಾಳಿಯನ್ನು ಕೆಡಹುವ ಬಲವಿಲ್ಲ, ಆದರೆ ಬಾಕ್ಸಿಂಗಿನ ಎಲ್ಲ ಹೊಡೆತಗಳಿಗೂ ಅದೇ ಬಾಗಿಲು. ದೂರವನ್ನು ಅಳೆಯುವುದು, ಎದುರಿನವನ ಕಣ್ಣನ್ನು ಕಟ್ಟುವುದು, ಅವನ ಲಯವನ್ನು ಮುರಿಯುವುದು, ಬಲಗೈಯ ನೇರ ಹೊಡೆತವಾದ ಕ್ರಾಸಿಗೆ ದಾರಿ ತೆರೆಯುವುದು ಎಲ್ಲ ಅದರಿಂದಲೇ. ಹೊಸಬರೆಲ್ಲ ಕೈಯನ್ನು ಮುಂದಕ್ಕೆ ಎಸೆಯುವುದರ ಬಗ್ಗೆ ಯೋಚಿಸುತ್ತಾರೆ. ಸಾಹೇಬರ ಕಣ್ಣು ಇರುತ್ತಿದ್ದುದು ಕೈ ಹಿಂದಕ್ಕೆ ಬರುವುದರ ಮೇಲೆ. ಹೋದ ದಾರಿಯಲ್ಲೇ, ಹೋದ ವೇಗದಲ್ಲೇ, ಗಲ್ಲದ ಪಕ್ಕಕ್ಕೆ ಮರಳಬೇಕು. ಮರಳುವಾಗ ಕೈ ಕೆಳಗೆ ಇಳಿದರೆ ಆ ಕ್ಷಣ ಎಡಗೆನ್ನೆ ಬಯಲು. ಎದುರಿನವನ ಬಲಗೈ ಕಾದಿರುವುದು ಅದಕ್ಕೇ. "ಹೊಡೆತ ತಾಗಿದಾಗ ಮುಗಿಯುವುದಿಲ್ಲ, ಕೈ ಮನೆಗೆ ಬಂದಾಗ ಮುಗಿಯುತ್ತದೆ" ಎಂದು ಅವರು ಹೇಳುತ್ತಲೇ ಇದ್ದರು. ಕನ್ನಡಿಯ ಮುಂದೆ ನಿಂತು ನಾನು ಹೊಡೆದದ್ದಕ್ಕಿಂತ ಹೆಚ್ಚಾಗಿ ಕೈ ಹಿಂದಕ್ಕೆ ತಂದೆ ಎಂದರೂ ಸರಿಯೇ. ತಾಗಿದ ಹೊಡೆತದ ಸಂತೋಷದಲ್ಲಿ ಕೈ ಅಲ್ಲೇ ಒಂದು ಗಳಿಗೆ ತಡೆಯುತ್ತದೆ, ನೋಡಿ. ಆ ಗಳಿಗೆಯೇ ಅಪಾಯ.

ಗಂಜಿನ ಮೇಜಿನಲ್ಲಿ ಕೂತಾಗ ಇದರ ಅರ್ಥ ಹೊಳೆಯಿತು. ಒಬ್ಬ ರೈತ ಬಂದು, ತೂಕದಲ್ಲಿ ಕಡಿತ ಯಾಕೆ ಎಂದು ಕೂಗುತ್ತಾನೆ. ನಾನು ಕಾರಣ ಹೇಳುತ್ತೇನೆ. ಉತ್ತರ ಸರಿಯಾಗಿಯೇ ಇರುತ್ತದೆ. ಆದರೆ ಉತ್ತರ ತಾಗಿದ ಮೇಲೂ ನನ್ನ ಮಾತು ನಿಲ್ಲುವುದಿಲ್ಲ: "ಹೋದ ವರ್ಷವೂ ನೀವು ಹೀಗೇ ಮಾಡಿದ್ದಿರಿ" ಎಂಬ ಎರಡನೆಯ ಮಾತು, "ಓದಿದವರನ್ನು ಕರೆತನ್ನಿ" ಎಂಬ ಮೂರನೆಯ ಮಾತು. ಜಗಳ ಹುಟ್ಟುವುದು ಆ ಎರಡನೆಯ, ಮೂರನೆಯ ಮಾತಿನಿಂದ. ಅದನ್ನು ಗುರುತಿಸಿದ ಮೇಲೆ ನಾನು ಒಂದು ಅಭ್ಯಾಸ ಮಾಡಿಕೊಂಡೆ. ಕೇಳಿದ್ದಕ್ಕೆ ಒಂದು ಉತ್ತರ, ಜೊತೆಗೆ ಕಾಗದ ತೋರಿಸುವುದು, ಕೂಡಲೇ ಕೈಗಳನ್ನು ಮೇಜಿನ ಮೇಲೆ ಇಟ್ಟುಕೊಂಡು ಸುಮ್ಮನಿರುವುದು. ಎದುರಿನವರು ಮತ್ತೆ ಕೇಳಿದರೆ ಮತ್ತೆ ಒಂದು ಉತ್ತರ, ಮತ್ತೆ ಮೌನ. ಆ ಮೌನ ಸೋಲಿನ ಮೌನವಲ್ಲ, ಮುಂದಿನ ಮಾತನ್ನು ಕೇಳಲು ಸಿದ್ಧವಾಗಿರುವವನ ಮೌನ. ಸುಗ್ಗಿಯಲ್ಲಿ ಸಂಜೆ ಕೈ ನಡುಗುವುದು ನಿಂತದ್ದು ಯಾವ ದಿನ ಎಂದು ನನಗೆ ಗೊತ್ತಿಲ್ಲ. ಗಮನಿಸಿದ್ದು ಹೆಂಡತಿ. "ಇತ್ತೀಚೆಗೆ ನೀವು ಅಂಗಡಿಯನ್ನು ಮನೆಗೆ ಹೊತ್ತು ತರುತ್ತಿಲ್ಲರೀ" ಎಂದಳು.

ಗೆಲುವನ್ನು ಕಲ್ಪಿಸಿಕೊಳ್ಳಿ ಎಂಬ ಸೂತ್ರಕ್ಕೆ ಬಾಕ್ಸಿಂಗಿನಲ್ಲಿ ಒಂದು ವಿಚಿತ್ರ ರೂಪವಿದೆ. ಅದಕ್ಕೆ ಶ್ಯಾಡೊ ಬಾಕ್ಸಿಂಗ್ ಎನ್ನುತ್ತಾರೆ. ಎದುರಿಗೆ ಯಾರೂ ಇಲ್ಲ, ಆದರೂ ಇದ್ದಾರೆಂದು ಆಡುವುದು. ನಾನು ಮೊದಮೊದಲು ನನ್ನ ಹೊಡೆತಗಳನ್ನೇ ಕಲ್ಪಿಸಿಕೊಂಡು ಆಡುತ್ತಿದ್ದೆ. ಸಾಹೇಬರು ತಡೆದು, "ಅವನು ಏನು ಹೊಡೆದ? ಅದನ್ನು ಮೊದಲು ನೋಡು" ಎಂದರು. ಕಲ್ಪಿಸಿಕೊಳ್ಳಬೇಕಾದದ್ದು ಕೈ ಮೇಲೆತ್ತಿ ನಿಂತ ನನ್ನನ್ನಲ್ಲ, ನನ್ನತ್ತ ಬರುವ ಏಟನ್ನು. ಅವನ ಬಲಗೈ ಬಂತು, ತಲೆ ಎಡಕ್ಕೆ ಜಾರಿತು, ಕಾಲು ತಿರುಗಿತು, ನನ್ನ ಜ್ಯಾಬ್ ಹೋಯಿತು. ಈಗ ನಾನು ಬೆಳಿಗ್ಗೆ ಬೈಕಿನಲ್ಲಿ ಗಂಜಿಗೆ ಹೊರಡುವ ಮುನ್ನ ಇದನ್ನೇ ಮಾಡುತ್ತೇನೆ. ಇವತ್ತು ಯಾರ ಲೆಕ್ಕ ಬಾಕಿ ಇದೆ, ಯಾರು ಏನು ಕೇಳಬಹುದು, ಅದಕ್ಕೆ ಯಾವ ಕಾಗದ ಬೇಕು. ಗೆದ್ದ ಚಿತ್ರವನ್ನು ಮನಸ್ಸಿನಲ್ಲಿ ತೂಗುಹಾಕಿಕೊಂಡವನಿಗಿಂತ ಬರುವ ಪ್ರಶ್ನೆಯನ್ನು ಮೊದಲೇ ನೋಡಿದವನು ದಿನದ ಕೊನೆಗೆ ಹೆಚ್ಚು ಕೆಲಸ ಮುಗಿಸಿರುತ್ತಾನೆ ಎಂಬುದು ನನ್ನ ದೃಢ ಅಭಿಪ್ರಾಯ. ಪರೀಕ್ಷೆಗೆ ಓದುವ ಹುಡುಗರಿಗೂ ಇದನ್ನೇ ಹೇಳುತ್ತೇನೆ: ಫಲಿತಾಂಶದ ಪಟ್ಟಿಯಲ್ಲಿ ಹೆಸರನ್ನು ಕಾಣುವ ಬದಲು ಪ್ರಶ್ನೆಪತ್ರಿಕೆಯನ್ನು ಕಾಣಿರಿ.

ಓಟ, ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಲಬುರಗಿಯ ಬೇಸಿಗೆ ಎಲ್ಲರಿಗೂ ಗೊತ್ತು, ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 42, 43 ಡಿಗ್ರಿ ದಾಟುತ್ತದೆ. ಆದ್ದರಿಂದ ಬೆಳಕು ಹರಿಯುವ ಮೊದಲೇ ಶರಣಬಸವೇಶ್ವರ ಕೆರೆಯ ದಂಡೆಯ ಮೇಲೆ ಓಟ, ಬಿಸಿಲು ಏರುವಷ್ಟರಲ್ಲಿ ಮನೆಗೆ. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ದಪ್ಪನೆಯ ಬೇಳೆ, ಮಜ್ಜಿಗೆ. ಪ್ರೋಟೀನ್ ಡಬ್ಬಿ ಕೊಳ್ಳಬೇಕೇ ಎಂದು ಹುಡುಗನೊಬ್ಬ ಕೇಳಿದಾಗ ಸಾಹೇಬರು, ತೊಗರಿಯ ಕಣಜದಲ್ಲಿ ಕೂತು ಇದೇನು ಪ್ರಶ್ನೆ ಎಂದರು. ನೂರು ಗ್ರಾಂ ಬೇಳೆಯಲ್ಲಿ ಸುಮಾರು 22 ಗ್ರಾಂ ಪ್ರೋಟೀನ್ ಇದೆ. ಒಂದು ವಿಷಯದಲ್ಲಿ ಮಾತ್ರ ಅವರು ಬಹಳ ಕಟ್ಟುನಿಟ್ಟು. ತೂಕದ ವರ್ಗಕ್ಕೆ ಇಳಿಯಲು ಮಳೆಕೋಟು ಹಾಕಿಕೊಂಡು ಓಡಿ ಬೆವರು ಹರಿಸುವುದು, ನೀರು ಬಿಡುವುದು ಇಲ್ಲಿ ನಿಷಿದ್ಧ. ನಮ್ಮ ಬಿಸಿಲಿನಲ್ಲಿ ಅದು ಜೀವಕ್ಕೇ ಸಂಚಕಾರ. ನಾನು 75 ಕಿಲೋ ವರ್ಗಕ್ಕೆ ಬಂದದ್ದು ತಿಂಗಳುಗಟ್ಟಲೆ ರಾತ್ರಿಯ ಊಟವನ್ನು ಬೇಗ ಮುಗಿಸಿ, ಮಿರ್ಚಿ ಭಜಿಯ ಅಂಗಡಿಯ ಮುಂದೆ ನಿಲ್ಲದೆ ನಡೆದು.

ಇನ್ನು ಸುತ್ತಿನ ನಡುವಿನ ಒಂದು ನಿಮಿಷ. ಹವ್ಯಾಸಿ ಬಾಕ್ಸಿಂಗಿನಲ್ಲಿ ಮೂರು ನಿಮಿಷದ ಮೂರು ಸುತ್ತು, ನಡುವೆ ಒಂದೊಂದು ನಿಮಿಷ ವಿರಾಮ. ಹೊರಗಿನಿಂದ ನೋಡುವವರಿಗೆ ಮೂರು ನಿಮಿಷ ಏನೂ ಅಲ್ಲ. ಒಳಗಿದ್ದವನಿಗೆ ಎರಡನೆಯ ನಿಮಿಷ ಮುಗಿಯುವಷ್ಟರಲ್ಲಿ ಭುಜ ಸೀಸದಂತೆ ಭಾರವಾಗಿರುತ್ತದೆ. ಗಂಟೆ ಹೊಡೆದಾಗ ಹೊಸಬ ಸ್ಟೂಲಿನ ಮೇಲೆ ಕೂತು ಬಾಯಿ ತೆರೆದು ಏದುಸಿರು ಬಿಡುತ್ತಾನೆ, ಕಣ್ಣು ಎದುರಾಳಿಯ ಮೂಲೆಯತ್ತ ಇರುತ್ತದೆ, ಕಿವಿ ಎಲ್ಲರ ಕೂಗಿನತ್ತ. ಆ ಅರವತ್ತು ಸೆಕೆಂಡು ವ್ಯರ್ಥ. ಸಾಹೇಬರು ನಮಗೆ ವಿಶ್ರಾಂತಿಯನ್ನೂ ಕಲಿಸಿದರು. ಕೂರು, ಬೆನ್ನನ್ನು ಹಗ್ಗಕ್ಕೆ ಒರಗಿಸು, ಕಾಲು ಚಾಚು. ಮೂಗಿನಿಂದ ಒಳಕ್ಕೆ, ಬಾಯಿಂದ ಉದ್ದಕ್ಕೆ ಹೊರಕ್ಕೆ. ಒಳಗೆ ತೆಗೆದುಕೊಂಡದ್ದಕ್ಕಿಂತ ಹೊರಗೆ ಬಿಡುವುದು ನಿಧಾನವಾಗಿರಲಿ, ಎದೆಬಡಿತ ಇಳಿಯುವುದು ಅದರಿಂದ. ಮೊದಲ ಅರ್ಧ ನಿಮಿಷ ಯಾರೂ ಮಾತಾಡುವ ಹಾಗಿಲ್ಲ. ಆಮೇಲೆ ಮೂಲೆಯಲ್ಲಿ ಇರುವವರು ಒಂದೇ ಮಾತು ಹೇಳುತ್ತಾರೆ. ಎರಡಲ್ಲ, ಒಂದೇ. "ಬಲಕ್ಕೆ ಸರಿ." ಅಷ್ಟೇ. ದಣಿದ ಮನುಷ್ಯ ಒಂದಕ್ಕಿಂತ ಹೆಚ್ಚು ಮಾತನ್ನು ಹೊತ್ತುಕೊಂಡು ಎದ್ದು ಹೋಗಲಾರ.

ಈ ನಿಯಮವನ್ನು ನಾನು ಮನೆಯಲ್ಲಿ ಬಳಸಿದೆ. ಮಗಳು ಐದನೆಯ ತರಗತಿ. ಗಣಿತದ ಲೆಕ್ಕ ಬರದಿದ್ದಾಗ ನಾನು ಪಕ್ಕದಲ್ಲಿ ಕೂತು ಅಕ್ಷರ ಸರಿಯಿಲ್ಲ, ಮಗ್ಗಿ ಮರೆತಿದ್ದೀ, ನೆಟ್ಟಗೆ ಕೂರು ಎಂದು ಒಟ್ಟಿಗೆ ಹೇಳುತ್ತಿದ್ದೆ, ಅವಳು ಅಳುತ್ತಿದ್ದಳು. ಈಗ ಮೊದಲು ಅವಳಿಗೆ ನೀರು ಕುಡಿಯಲು ಬಿಡುತ್ತೇನೆ, ಸ್ವಲ್ಪ ಹೊತ್ತು ಕಾಯುತ್ತೇನೆ, ಆಮೇಲೆ ಒಂದೇ ಮಾತು: "ಛೇದವನ್ನು ಮೊದಲು ಸಮ ಮಾಡು, ಅವ್ವಾ." ಲೆಕ್ಕ ಬರುತ್ತದೆ. ಕೆಲವೊಮ್ಮೆ ಬರುವುದಿಲ್ಲ, ಆದರೆ ಅಳು ಇಲ್ಲ. ಕಲಿಸುವುದು ಎಂದರೆ ಗೊತ್ತಿರುವುದನ್ನೆಲ್ಲ ಹೇಳುವುದಲ್ಲ, ಎದುರಿನವರು ಈಗ ಹೊರಬಲ್ಲ ಒಂದನ್ನು ಆರಿಸುವುದು. ಸಾಹೇಬರ ದೊಡ್ಡತನ ಇದ್ದದ್ದು ಅಲ್ಲೇ ಎಂದು ನನಗೆ ಅನ್ನಿಸುತ್ತದೆ.

ಸ್ಪಾರಿಂಗ್, ಅಂದರೆ ಜೊತೆಗಾರನ ಎದುರು ಅಭ್ಯಾಸದ ಆಟ, ಶುರುವಾದದ್ದು ತಿಂಗಳುಗಳ ನಂತರ. ದೊಡ್ಡ ಮೆತ್ತನೆಯ 16 ಔನ್ಸಿನ ಗ್ಲೌಸು, ತಲೆಗೆ ರಕ್ಷಣೆ, ಹಲ್ಲಿಗೆ ಮೌತ್‌ಗಾರ್ಡ್. ನನ್ನ ಜೊತೆಗಾರ ಇಂಜಿನಿಯರಿಂಗ್ ಓದುವ ಹುಡುಗ, ನನ್ನನ್ನು ಕಾಕಾ ಎನ್ನುತ್ತಾನೆ. ಮೊದಲ ಏಟು ಮೂಗಿಗೆ ಬಿದ್ದಾಗ ನೋವಿಗಿಂತ ಹೆಚ್ಚಾಗಿ ಅವಮಾನವೆನ್ನಿಸುತ್ತದೆ, ಒಳಗಿನಿಂದ ಸಿಟ್ಟು ಎದ್ದುಬರುತ್ತದೆ. ಸಿಟ್ಟಿನಿಂದ ಹೊಡೆದ ಕೈ ಅಗಲವಾಗಿ ಬೀಸುತ್ತದೆ, ದೂರದಿಂದಲೇ ಕಾಣುತ್ತದೆ, ಎದುರಿನವನು ಆರಾಮಾಗಿ ತಪ್ಪಿಸಿಕೊಂಡು ಮತ್ತೊಂದು ಕೊಡುತ್ತಾನೆ. ಸಿಟ್ಟು ಬಲ ಕೊಡುತ್ತದೆ ಎಂಬ ನಂಬಿಕೆಯನ್ನು ದೇಹವೇ ಒಂದು ವಾರದಲ್ಲಿ ಕಳಚಿಹಾಕುತ್ತದೆ. ಅದಕ್ಕಿಂತ ಮುಖ್ಯವಾದದ್ದು ಆ ಹುಡುಗ ನನಗೆ ಶತ್ರುವಲ್ಲ ಎಂಬ ಅರಿವು. ನನ್ನ ಗಾರ್ಡಿನ, ಅಂದರೆ ಮುಖ ಕಾಯುವ ಕೈಗಳ, ಸಂದು ಎಲ್ಲಿದೆ ಎಂದು ತೋರಿಸುವವನು ಅವನೊಬ್ಬನೇ. ಸುತ್ತು ಮುಗಿದ ಮೇಲೆ ಗ್ಲೌಸು ತಾಗಿಸಿ, "ಕಾಕಾ, ಬಲಗೈ ಎತ್ತುವ ಮುಂಚೆ ನೀವು ಭುಜ ಕುಗ್ಗಿಸುತ್ತೀರಿ" ಎನ್ನುತ್ತಾನೆ. ನಿಮ್ಮ ಕುಂದನ್ನು ಹಗೆತನವಿಲ್ಲದೆ ಹೇಳುವ ನಾಲ್ಕು ಜನ ಸುತ್ತಲೂ ಇರಲಿ ಎಂಬುದು ಯಶಸ್ಸಿನ ಪುಸ್ತಕಗಳೆಲ್ಲ ಹೇಳುವ ಮಾತು. ಆ ನಾಲ್ವರು ಎಲ್ಲಿ ಸಿಗುತ್ತಾರೆ ಎಂದು ಕೇಳಿದರೆ ನಾನು ಇಂತಹ ತಗಡಿನ ಮಾಡನ್ನು ತೋರಿಸುತ್ತೇನೆ. ಆಟೋ ಓಡಿಸುವವರ ಮಗ, ನರ್ಸಿಂಗ್ ಓದುವ ಇಬ್ಬರು ಹುಡುಗಿಯರು, ಬಟ್ಟೆ ಅಂಗಡಿಯ ಕೆಲಸಗಾರ, ಗಂಜಿನ ನಾನು. ಹೊರಗೆ ನಾವು ಒಬ್ಬರಿಗೊಬ್ಬರು ಎದುರಾಗುವ ಸಂಭವವೇ ಇರಲಿಲ್ಲ.

ಆ ಹುಡುಗಿಯರಿಗೆ ಬಾಕ್ಸರ್ ನಿಖತ್ ಝರೀನ್ ದೇವರ ಸಮಾನ. ಅದು ಸಹಜವೇ. ಅವಳ ಊರಾದ ನಿಜಾಮಾಬಾದ್ ನಮಗೆ ದೂರವಲ್ಲ, ಬೀದರಿನ ಗಡಿಯಾಚೆಯ ತೆಲಂಗಾಣ. 2011ರಲ್ಲಿ ಕಿರಿಯರ ವಿಶ್ವ ಚಾಂಪಿಯನ್ ಆದವಳು, 2017ರಲ್ಲಿ ಭುಜದ ಗಾಯದಿಂದ ಬಹುಕಾಲ ಹೊರಗುಳಿದವಳು, 2022ರಲ್ಲಿ ಇಸ್ತಾಂಬುಲ್‌ನಲ್ಲಿ 52 ಕಿಲೋ ವರ್ಗದ ವಿಶ್ವ ಚಾಂಪಿಯನ್, 2023ರಲ್ಲಿ ದೆಹಲಿಯಲ್ಲಿ 50 ಕಿಲೋ ವರ್ಗದಲ್ಲಿ ಮತ್ತೊಮ್ಮೆ. ಕಿರಿಯರ ಪ್ರಶಸ್ತಿಗೂ ಹಿರಿಯರ ಪ್ರಶಸ್ತಿಗೂ ನಡುವೆ ಹನ್ನೊಂದು ವರ್ಷ. ಹುಡುಗಿಯರಿಗೆ ಪದಕ ಕಾಣುತ್ತದೆ, ನನಗೆ ಆ ಹನ್ನೊಂದು ವರ್ಷ ಕಾಣುತ್ತದೆ. ಗಾಯವಾದ ಭುಜಕ್ಕೆ ವಿಶ್ರಾಂತಿ ಕೊಡುವುದೂ ಆ ವರ್ಷಗಳ ಸಾಧನೆಯೇ.

ಹೀಗಾಗಿಯೇ "ಎಂದಿಗೂ ಬಿಟ್ಟುಕೊಡಬೇಡಿ" ಎಂಬ ಸೂತ್ರದ ಬಗ್ಗೆ ನನಗೆ ಕಟುವಾದ ತಕರಾರಿದೆ. ಬಿಡದಿರುವುದಕ್ಕೆ ಹೆಸರಾದ ಆಟ ಬಾಕ್ಸಿಂಗ್. ಆದರೆ ಬಿಡಿಸುವುದಕ್ಕೆ ಇಷ್ಟೊಂದು ವ್ಯವಸ್ಥೆ ಮಾಡಿಟ್ಟುಕೊಂಡ ಆಟವೂ ಅದೇ. ಬಲವಾದ ಏಟು ಬಿದ್ದರೆ ರೆಫರಿ ಎಂಟರವರೆಗೆ ಎಣಿಸಿ ಕಣ್ಣನ್ನು ನೋಡುತ್ತಾನೆ. ಸರಿಯೆನ್ನಿಸದಿದ್ದರೆ ಆಟ ನಿಲ್ಲಿಸುತ್ತಾನೆ. ರಿಂಗಿನ ಪಕ್ಕದಲ್ಲಿ ವೈದ್ಯರಿರುತ್ತಾರೆ. ಮೂಲೆಯವರು ಟವೆಲ್ ಎಸೆದು ಆಟ ನಿಲ್ಲಿಸಬಹುದು. 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಮುಹಮ್ಮದ್ ಅಲಿ, ಜೋ ಫ್ರೇಜಿಯರ್ ಆಡಿದ ಪಂದ್ಯ ಹದಿನೈದು ಸುತ್ತಿನದು. ಹದಿನಾಲ್ಕು ಮುಗಿದಾಗ ಫ್ರೇಜಿಯರ್ ಕಣ್ಣು ಊದಿ ಮುಚ್ಚಿಹೋಗಿತ್ತು, ಆದರೂ ಅವನು ಆಡುತ್ತೇನೆ ಎಂದ. ತರಬೇತುದಾರ ಎಡ್ಡಿ ಫಚ್ ಬಿಡಲಿಲ್ಲ, ಪಂದ್ಯವನ್ನು ಅಲ್ಲಿಗೆ ನಿಲ್ಲಿಸಿದ. ಮೂರೇ ನಿಮಿಷ ಉಳಿದಿತ್ತು. ಬಾಕ್ಸಿಂಗಿನ ಇತಿಹಾಸದಲ್ಲಿ ನನಗೆ ಅತ್ಯಂತ ಗೌರವ ಇರುವುದು ಆ ನಿರ್ಧಾರದ ಮೇಲೆ. ತಲೆಗೆ ಬಿದ್ದ ಪೆಟ್ಟು ನೆನಪಿನ ಮೇಲೆ, ಮಾತಿನ ಮೇಲೆ ವರ್ಷಗಳ ನಂತರವೂ ಪರಿಣಾಮ ಬೀರುತ್ತದೆ ಎಂಬುದನ್ನು ಹೊಸಬರಿಗೆ ಯಾರಾದರೂ ಮೊದಲ ದಿನವೇ ಹೇಳಬೇಕು. ಸಾಹೇಬರು ಹೇಳಿದರು. ತಲೆ ಸುತ್ತಿದೆ ಎಂದು ಒಪ್ಪಿಕೊಂಡವನನ್ನು ಅವರು ಎಲ್ಲರ ಮುಂದೆ ಮೆಚ್ಚುತ್ತಿದ್ದರು, ಮುಚ್ಚಿಟ್ಟವನನ್ನು ವಾರಗಟ್ಟಲೆ ರಿಂಗಿಗೆ ಇಳಿಸುತ್ತಿರಲಿಲ್ಲ.

ಎಷ್ಟೋ ಹುಡುಗರು ನಮ್ಮ ಊರಿನ ಬಾಡಿಗೆ ಕೋಣೆಗಳಲ್ಲಿ ಕೂತು ಒಂದೇ ಪರೀಕ್ಷೆಗೆ ವರ್ಷಗಟ್ಟಲೆ ಓದುತ್ತಿದ್ದಾರೆ. ಬಿಡಬೇಡ ಎನ್ನುವವರು ಸಾವಿರ ಜನ. "ಈ ಸುತ್ತು ಸಾಕು, ದೇಹ, ಮನಸ್ಸು ಸುಧಾರಿಸಿಕೊಳ್ಳಲಿ, ಬೇರೆ ದಾರಿಯನ್ನೂ ನೋಡು" ಎಂದು ಹೇಳುವ ಮೂಲೆಯವರು ಅವರಿಗೆ ಬೇಕು. ನನಗೆ ಆ ಮಾತನ್ನು ಹೇಳಿದವರು ಅಪ್ಪ. ಎಫ್‌ಡಿಎ ಬಿಟ್ಟು ಟ್ಯಾಲಿ ಕಲಿತು ಗಂಜಿಗೆ ಬಂದದ್ದು ಹಾಗೆ. ಆ ನಿರ್ಧಾರದಿಂದ ನನ್ನ ಮನೆ ನಡೆಯುತ್ತಿದೆ.

ಪಂದ್ಯದ ದಿನ ಬಂತು. ಸುತ್ತಲಿನ ಜಿಲ್ಲೆಗಳ ಹೊಸಬರಿಗಾಗಿ ನಡೆಸಿದ ಸ್ನೇಹಪಂದ್ಯ, ತಲೆರಕ್ಷಣೆ ಕಡ್ಡಾಯ, ಮೂವರು ತೀರ್ಪುಗಾರರು. ನನ್ನ ಎದುರಾಳಿ ಬೀದರಿನ ತರುಣ, ಎತ್ತರದ ಆಳು, ಕೈ ಉದ್ದ. ಮೊದಲ ಸುತ್ತಿನಲ್ಲಿ ಅವನ ಜ್ಯಾಬ್ ನನ್ನನ್ನು ಹತ್ತಿರ ಬಿಡಲಿಲ್ಲ. ಮೂಲೆಯಲ್ಲಿ ಕೂತಾಗ ಸಾಹೇಬರು ಅರ್ಧ ನಿಮಿಷ ಸುಮ್ಮನಿದ್ದು, "ಅವನ ಕೈ ಮರಳುವಾಗ ಅದರ ಜೊತೆಗೇ ಒಳಗೆ ಹೋಗು" ಎಂದರು. ಎರಡನೆಯ ಸುತ್ತು ಆ ಒಂದು ಮಾತಿನ ಮೇಲೆ ನಡೆಯಿತು. ಅವನ ಕೈ ಹಿಂದಕ್ಕೆ ಹೋಗುವಾಗ ನಾನು ಹೆಜ್ಜೆ ಇಟ್ಟು ಹೊಟ್ಟೆಗೆ ಹೊಡೆದೆ, ಮತ್ತೆ ಗಾರ್ಡಿಗೆ ಬಂದೆ. ಮೂರನೆಯ ಸುತ್ತು ನೆನಪಿರುವುದು ಬರೀ ಉಸಿರು, ಹಗ್ಗ, ನನ್ನ ಹೆಸರು ಕೂಗುತ್ತಿದ್ದ ಮಗಳ ಧ್ವನಿ. ರೆಫರಿ ನನ್ನ ಕೈ ಎತ್ತಿದರು. ಇಬ್ಬರು ತೀರ್ಪುಗಾರರು ನನ್ನ ಕಡೆ, ಒಬ್ಬರು ಅವನ ಕಡೆ. ಸಂತೋಷವಾಯಿತು, ಬಹಳ ಸಂತೋಷವಾಯಿತು, ಅದನ್ನು ಮರೆಮಾಚುವುದಿಲ್ಲ. ಆದರೆ ಮೂರು ಸುತ್ತು ಅವನ ಎದುರಿಗೆ ನಿಂತವನಾಗಿ ನನಗೆ ಗೊತ್ತು, ಆ ಹುಡುಗನ ಕೈ ನನ್ನದಕ್ಕಿಂತ ಚೊಕ್ಕವಾಗಿ ಮನೆಗೆ ಮರಳುತ್ತಿತ್ತು. ಇನ್ನೊಬ್ಬ ತೀರ್ಪುಗಾರ ಬೇರೆ ಮೂಲೆಯಲ್ಲಿ ಕೂತಿದ್ದರೆ ಚೀಟಿ ಬೇರೆಯೇ ಆಗುತ್ತಿತ್ತು. ಅವನಿಗೆ ಇದನ್ನು ಹೇಳಿದೆ. "ಅಣ್ಣಾ, ಮುಂದಿನ ಸಲ ಬೀದರಿಗೆ ಬನ್ನಿ" ಎಂದು ನಕ್ಕ.

ಪಂದ್ಯಕ್ಕಿಂತ ಗಟ್ಟಿಯಾದ ಪರೀಕ್ಷೆ ಮುಂದಿನ ಸುಗ್ಗಿಯಲ್ಲಿ ಎದುರಾಯಿತು. ಒಬ್ಬ ರೈತನ ಪಟ್ಟಿಯಲ್ಲಿ ತೇವಾಂಶದ ಕಡಿತ ಎರಡು ಸಲ ಆಗಿತ್ತು: ದರದಲ್ಲಿ ಒಮ್ಮೆ, ತೂಕದಲ್ಲಿ ಇನ್ನೊಮ್ಮೆ. ಹಳೆಯ ಪಟ್ಟಿಗಳನ್ನು ತೆಗೆದು ನೋಡಿದೆ, ಇನ್ನೂ ಕೆಲವು ಸಿಕ್ಕವು. ಇದನ್ನು ನನಗೆ ಸಂಬಳ ಕೊಡುವ ಸಾಹುಕಾರರಿಗೆ ಹೇಳಬೇಕಿತ್ತು. ರಾತ್ರಿಯೇ ಕೂತು ಅವರು ಏನೇನು ಕೇಳಬಹುದೆಂದು ಒಂದೊಂದಾಗಿ ಯೋಚಿಸಿದೆ, ಒಂದೊಂದಕ್ಕೂ ಕಾಗದ ಹೊಂದಿಸಿದೆ. ಬೆಳಿಗ್ಗೆ ಹೋಗಿ, "ಸಾಹುಕಾರರೇ, ಈ ಪಟ್ಟಿಗಳಲ್ಲಿ ಕಡಿತ ಎರಡು ಸಲ ಬಿದ್ದಿದೆ, ರೈತರಿಗೆ ಮರಳಿಸಬೇಕು" ಎಂದು ಹೇಳಿ ಕಾಗದಗಳನ್ನು ಮುಂದಿಟ್ಟು ಸುಮ್ಮನಾದೆ. ಅವರು ಧ್ವನಿ ಏರಿಸಿದರು. ಯಾರ ಅನ್ನ ತಿನ್ನುತ್ತಿದ್ದೀ ಎಂದೂ ಕೇಳಿದರು. ಅದು ಸಿಟ್ಟಿನಿಂದ ಅಗಲವಾಗಿ ಬೀಸಿದ ಕೈ ಎಂದು ನನಗೆ ಕಾಣುತ್ತಿತ್ತು. ಕಾಲು ನೆಲದ ಮೇಲೆ ಗಟ್ಟಿಯಾಗಿತ್ತು, ಉಸಿರು ಉದ್ದವಾಗಿತ್ತು. ನಾನು ಅದೇ ಮಾತನ್ನು ಅದೇ ಧ್ವನಿಯಲ್ಲಿ ಇನ್ನೊಮ್ಮೆ ಹೇಳಿದೆ, ಒಂದು ಅಕ್ಷರ ಹೆಚ್ಚಿಗೆ ಸೇರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅವರೇ ಕರೆದು ದುಡ್ಡು ಮರಳಿಸಲು ಹೇಳಿದರು. ಆ ರೈತನ ಮುಖ ನೋಡಿದಾಗ ಆದ ತೃಪ್ತಿ ರೆಫರಿ ಕೈ ಎತ್ತಿದಾಗ ಆದದ್ದಕ್ಕಿಂತ ಹೆಚ್ಚಿನದು. ಈಗ ನಮ್ಮ ಅಂಗಡಿಯಲ್ಲಿ ಕಡಿತದ ಕಾರಣವನ್ನು ಪಟ್ಟಿಯಲ್ಲೇ ಬರೆಯುತ್ತೇವೆ, ರೈತನ ಮುಂದೆ ಓದಿ ಹೇಳುತ್ತೇವೆ.

ಕಲಿಯಬೇಕೆಂದು ಈಚೆಗೆ ಕೆಲವರು ನನ್ನನ್ನು ಕೇಳುತ್ತಾರೆ, ಹೆಚ್ಚಾಗಿ ನನ್ನ ವಯಸ್ಸಿನವರೇ. ಹಿರಿಯರ ವಿಭಾಗದ ಸ್ಪರ್ಧೆಗೆ ವಯಸ್ಸಿನ ಮಿತಿ 40, ಬರೀ ಕಲಿಯುವುದಕ್ಕೆ ಯಾವ ಮಿತಿಯೂ ಇಲ್ಲ. ಮೊದಲು ವೈದ್ಯರ ಹತ್ತಿರ ರಕ್ತದೊತ್ತಡ, ಹೃದಯ, ಕಣ್ಣು ತೋರಿಸಿಕೊಳ್ಳಿ. ತಲೆಗೆ ಹಿಂದೆ ಪೆಟ್ಟಾಗಿದ್ದರೆ ಮುಚ್ಚಿಡದೆ ಹೇಳಿ, ಹಾಗಿದ್ದವರು ಸ್ಪಾರಿಂಗ್ ಇಲ್ಲದೆಯೂ ಕಲಿಯಬಹುದು. ಕೈಗೆ ಸುತ್ತುವ ಬಟ್ಟೆಯ ಪಟ್ಟಿ ನಾಲ್ಕೂವರೆ ಮೀಟರಿನದು ಕೊಳ್ಳಿ, ಅದನ್ನು ಮಣಿಕಟ್ಟಿನಿಂದ ಶುರುಮಾಡಿ ಬೆರಳುಗಳ ಸಂದಿನಲ್ಲಿ ಹಾಯಿಸಿ ಸುತ್ತುವುದನ್ನು ಅಲ್ಲೇ ಯಾರಾದರೂ ಕಲಿಸುತ್ತಾರೆ. ಮೌತ್‌ಗಾರ್ಡ್ ನಿಮ್ಮದೇ ಇರಲಿ. ಎರಡು ಬಾಟಲಿ ನೀರು, ಒಂದು ಟವೆಲ್. ಗ್ಲೌಸಿಗೆ ಈಗಲೇ ದುಡ್ಡು ಹಾಕಬೇಡಿ, ಮೊದಲ ತಿಂಗಳು ಅದರ ಕೆಲಸವಿಲ್ಲ.